ಹಾಲವ್ವನ ಮಂಡಕ್ಕಿ ಸೈಕಲ್ಲು, ಗೌಡರ ಡಂಗುರ

ಬರ್ರಿ, ಹತ್ತಿರ ಬರ್ರಿ! ಹಿಂದೆ ಕೂತೋರಿಗೂ ಕೇಳ್ಬೇಕು, ಮುಂದೆ ಕೂತೋರು ತೂಕಡಿಸಬಾರ್ದು. ನಾನೀಗ ಹೇಳೋದು ಹೊಂಡದಹಳ್ಳಿ ಹಾಲವ್ವನ ಮಗ ಗುಡ್ಡಪ್ಪನ ಕತೆ. ನಗು ಬಂದ್ರೆ ನಗ್ರಿ, ಆದ್ರೆ ಆ ತಾಯಿ ಸಂಕಟಾನೂ ಒಂಚೂರು ನೆನೀರಿ.

ಹಾಲವ್ವನ ಗಂಡ ಸಾಯೋವಾಗ ಬಿಟ್ಟು ಹೋದದ್ದು ಒಂದು ಮಂಡಕ್ಕಿ ಭಟ್ಟಿ, ಒಂದು ಹಳೇ ಸೈಕಲ್ಲು, ಮತ್ತೆ ಈ ಗುಡ್ಡಪ್ಪ. ಅವ್ವ ಮಂಡಕ್ಕಿ ಹುರೀಬೇಕು, ಮಗ ಸೈಕಲ್ಲಿಗೆ ಚೀಲ ಕಟ್ಕೊಂಡು ಎರಡು ಹರಿದಾರಿ ದೂರದ ಪೇಟೆ ಸಂತೆಗೆ ಒಯ್ಯಬೇಕು. ಹಂಗೆ ಒಯ್ದರೇನೇ ಮನೇಲಿ ರೊಟ್ಟಿ, ಇಲ್ಲಾಂದ್ರೆ ತಣ್ಣೀರು.

ಗುಡ್ಡಪ್ಪ ಇಪ್ಪತ್ತೈದು ವರ್ಷದ ಗಟ್ಟಿ ಆಳು. ಹೇಳಿದ್ದನ್ನ ಮಾಡೋನು. ಅಯ್ಯೋ, ಹೇಳಿದ್ದನ್ನೇ ಮಾಡೋನು! ಒಂದು ದಿನ ಅವ್ವ, "ಮಂಡಕ್ಕಿ ತಣ್ಣಗಾಗೋ ತನಕ ಮೊರದಾಗೆ ಬೀಸೋ" ಅಂದ್ಲು. ಬೀಸಿದ, ಬೀಸಿದ, ಹೆಂಗೆ ಬೀಸಿದ ಅಂದ್ರೆ ಇಡೀ ರಾಶಿ ಹೋಗಿ ಪಕ್ಕದ ಮನೆ ಹಿತ್ತಲಿಗೆ ಬಿತ್ತು. "ತಣ್ಣಗಾಯ್ತವ್ವಾ!" ಅಂದ. ಹಾಲವ್ವ ಹಣೆ ಚಚ್ಕೊಂಡ್ಲು.

ಮಂಡಕ್ಕಿ ಚೀಲ ನೋಡೀರಲ್ಲ? ತೂಕ ಇಲ್ಲ, ಗಾತ್ರ ಮಾತ್ರ ಗುಡಿಸಲಿನಷ್ಟು! ಒಂದು ಸೋಮವಾರ ಊರಿನ ನಾಲ್ಕು ಮಂಡಕ್ಕಿ ಸೈಕಲ್ಲು ಸಾಲಾಗಿ ಸಂತೆಗೆ ಹೊರಟ್ವು. ಹಿಂದೆ ಬಸ್ಸು. ಪೋಂ ಪೋಂ ಅಂತು, ದಾರಿ ಸಿಗಲಿಲ್ಲ. ಬಸ್ಸಿನೊಳಗೆ ಕೂತಿದ್ದೋರು ಊರಗೌಡ್ರು ರುದ್ರಗೌಡ್ರು! ಅವರಿಗೆ ಮೊದಲೇ ಸೈಕಲ್ ಕಂಡ್ರೆ ಎದೆ ಡವಡವ. ಊರಿಗೆ ವಾಪಸ್ ಬಂದೋರೇ ತಳವಾರ ಕೆಂಚಪ್ಪನ ಕೈಲಿ ಡಂಗುರ ಹೊಡೆಸಿದ್ರು.

"ಕೇಳ್ರಪ್ಪೋ ಕೇಳ್ರಿ! ಊರಿನ ರಸ್ತೆ ಮ್ಯಾಲೆ ಯಾರೂ ಸೈಕಲ್ ತುಳಿಯಂಗಿಲ್ಲ! ಇಳಿದು ತಳ್ಕೊಂಡು ಹೋಗ್ಬೇಕು! ತಪ್ಪಿದ್ರೆ ಸೈಕಲ್ಲು ಚಾವಡಿಗೆ!"

ಹಾಲವ್ವ ಹುರಿಯೋದು ಬಿಟ್ಟು ಎದ್ದು ಬಂದ್ಲು. ಮಗನ್ನ ಕೂರಿಸ್ಕೊಂಡು, "ಗುಡ್ಡಾ, ಸೈಕಲ್ ಹೋದ್ರೆ ನಾವು ಹೋದಂಗೆ. ಇಳಿದು ತಳ್ಕೊಂಡು ಹೋಗು, ಕೇಳ್ತಾ?" ಅಂದ್ಲು.

"ಆಗ್ಲವ್ವಾ, ಹಂಗೇ ಮಾಡ್ತೀನಿ!"

ಮುಂದಿನ ಸೋಮವಾರ ತಳ್ಳಿದ. ಊರು ದಾಟ್ತು, ತಳ್ಳಿದ. ಕೆರೆ ಏರಿ ದಾಟ್ತು, ತಳ್ಳಿದ. ಎರಡು ಹರಿದಾರಿ ತಳ್ಕೊಂಡು ಪೇಟೆಗೆ ಹೋದ್ರೆ ಸಂತೆ ಎದ್ದು ಹೋಗಿತ್ತು! ಎಷ್ಟು ಚೀಲ ಒಯ್ದಿದ್ನೋ ಅಷ್ಟನ್ನೂ ವಾಪಸ್ ತಳ್ಕೊಂಡು ಬಂದ.

"ಅಯ್ಯೋ ಪೆದ್ದೇ!" ಅಂದ್ಲು ಹಾಲವ್ವ. "ಊರಿನ ಗಡಿಕಲ್ಲಿನ ತನಕ ತಳ್ಳಬೇಕು, ಕಲ್ಲು ದಾಟಿದ ಮ್ಯಾಲೆ ಹತ್ತಿ ಕೂತ್ಕೋಬೇಕು!"

"ಆಗ್ಲವ್ವಾ, ಮುಂದಿನ ಸಲ ಹಂಗೇ ಮಾಡ್ತೀನಿ!"

ಮಾರನೇ ದಿನ ಪಕ್ಕದೂರಿನ ತನ್ನ ತಮ್ಮನ ಮನೆಯಿಂದ ಎಮ್ಮೆ ಹೊಡ್ಕೊಂಡು ಬಾ ಅಂತ ಕಳಿಸಿದ್ಲು. ಗುಡ್ಡಪ್ಪ ಎಮ್ಮೆ ಹಿಂದೆ ನಿಂತು ಎರಡೂ ಕೈ ಕೊಟ್ಟು ತಳ್ಳಿದ. ಆ ಊರಿನ ಗಡಿಕಲ್ಲು ಬಂತು. ಚಂಗನೆ ಹಾರಿ ಎಮ್ಮೆ ಮ್ಯಾಲೆ ಕೂತ! ಎಮ್ಮೆ ಬಿಡುತ್ತಾ? ಬಾಲ ಎತ್ಕೊಂಡು ಓಡಿ, ಕೆರೆಗೆ ಇಳಿದು, ಕುತ್ತಿಗೆ ತನಕ ನೀರಾಗೆ ಕೂತ್ಬಿಡ್ತು. ಗುಡ್ಡಪ್ಪನೂ ಕೂತ. ಸಂಜೆ ಎಮ್ಮೆಗೆ ಬೇಜಾರಾಗಿ ಎದ್ದಾಗ ಇವನೂ ಎದ್ದು ಬಂದ.

"ಅಯ್ಯೋ ಪೆದ್ದೇ! ಕೊರಳಿಗೆ ಹಗ್ಗ ಹಾಕಿ, ಮೂತಿ ಮುಂದೆ ಹಸಿ ಹುಲ್ಲು ಹಿಡಿದು, ಬಾ ಬಾ ಅಂತ ಪುಸಲಾಯಿಸ್ಕೊಂಡು ಕರ್ಕೊಂಡು ಬರಬೇಕು ಕಣೋ!"

"ಆಗ್ಲವ್ವಾ, ಮುಂದಿನ ಸಲ ಹಂಗೇ ಮಾಡ್ತೀನಿ!"

ಮುಂದಿನ ಸಂತೆ ಹತ್ತಿರ ಬಂದಾಗ ಹಾಲವ್ವ ಒಂದು ಉಪಾಯ ಹೂಡಿದ್ಲು. ಗಡಿಕಲ್ಲಿನ ತನಕ ತಳ್ಳೋದೂ ಕಷ್ಟಾನೇ, ಮಂಡಕ್ಕಿ ಚೀಲ ಕಟ್ಟಿದ ಸೈಕಲ್ಲು ಗಾಳಿ ಜೋರಾದ್ರೆ ಮಗುಚ್ಕೊಳ್ಳುತ್ತೆ. ಗೌಡ್ರನ್ನ ಮನೆಗೆ ಕರೆದು, ಒಗ್ಗರಣೆ ಮಂಡಕ್ಕಿ, ಮಿರ್ಚಿ ಕೊಟ್ಟು, ಕಷ್ಟ ಹೇಳ್ಕೊಂಡು, ಡಂಗುರ ವಾಪಸ್ ತಗೊಳ್ಳಿ ಅಂತ ಬೇಡ್ಕೊಳ್ಳೋಣ ಅಂತ. ಎಣ್ಣೆ ಕಾಯೋಕಿಟ್ಟು, "ಗುಡ್ಡಾ, ಓಡು, ಗೌಡ್ರನ್ನ ಕರ್ಕೊಂಡು ಬಾ!" ಅಂದ್ಲು.

ನಿಮಗೆ ಗೊತ್ತಾಗಿರಬೇಕಲ್ಲ? ಹೂಂ, ಅದೇ ಆಯ್ತು! ಗೌಡ್ರು ಜಗಲಿ ಮ್ಯಾಲೆ ಕಣ್ಣು ಮುಚ್ಕೊಂಡು ಕೂತಿದ್ರು. ಕೊರಳಿಗೆ ಹಗ್ಗ ಬಿತ್ತು! ಮೂತಿ ಮುಂದೆ ಹುಲ್ಲು ಬಂತು! "ಬಾ, ಬಾ, ಬಾ, ನನ್ನಪ್ಪಾ ಬಾ!"

"ಏಯ್! ಯಾವನಲೇ ಅವನು!" ಗೌಡ್ರು ಕೂಗಿದ ಕೂಗಿಗೆ ಬೀದಿ ನಾಯಿಗಳೆಲ್ಲಾ ಎದ್ದು ಓಡಿದ್ವು. "ಹಾಲವ್ವನ ಮಗನಾ? ಕೆಂಚಾ! ಹೋಗಲೇ! ಅವರ ಸೈಕಲ್ ಎಳ್ಕೊಂಡು ಬಂದು ಚಾವಡೀಲಿ ಹಾಕಲೇ!"

ಸೈಕಲ್ ಹೋಯ್ತು. ಹಾಲವ್ವ ಬಾಗಿಲಲ್ಲೇ ಕುಸಿದು ಕೂತ್ಲು. ಅತ್ಲು, ಬೈದ್ಲು, ಮತ್ತೆ ಅತ್ಲು. ಒಳಗೆ ನಾಲ್ಕು ಚೀಲ ಮಂಡಕ್ಕಿ ಮೆತ್ತಗಾಗ್ತಾ ಇತ್ತು. ಗುಡ್ಡಪ್ಪನಿಗೂ ಅಳು ಬಂತು. "ಏನು ಮಾಡ್ಲವ್ವಾ, ಹೇಳು, ಮಾಡ್ತೀನಿ!"

"ಅಯ್ಯೋ ಪೆದ್ದೇ! ದೊಡ್ಡೋರು ಕಣೋ ಅವರು! ಬೆಳಗ್ಗೆ ಎದ್ದವನೇ ಹೋಗಿ ಕಾಲು ಹಿಡ್ಕೋ. ತಪ್ಪಾಯ್ತು, ಸೈಕಲ್ ಕೊಡ್ರಿ ಅನ್ನು. ಅವರು ಹೂಂ ಅನ್ನೋ ತನಕ ಕಾಲು ಬಿಡಬ್ಯಾಡ!"

"ಆಗ್ಲವ್ವಾ, ಹಂಗೇ ಮಾಡ್ತೀನಿ!"

ಆ ಬೆಳಗ್ಗೆ ಏನಿತ್ತು ಗೊತ್ತಾ? ಪೇಟೆಯಲ್ಲಿ ಗೌಡ್ರ ಮಗಳ ನಿಶ್ಚಯ! ಮನೆಯೋರೆಲ್ಲ ಹಿಂದಿನ ದಿನಾನೇ ಹೋಗಿದ್ರು. ಗೌಡ್ರು ರೇಷ್ಮೆ ರುಮಾಲು ಸುತ್ಕೊಂಡು, ಉಂಗುರದ ಡಬ್ಬಿ ಜೇಬಿಗೆ ಹಾಕ್ಕೊಂಡು ಬಸ್ಸಿಗೆ ನಿಂತಿದ್ರು. ಬಸ್ಸು ಬಂತು. ಒಂದು ಕಾಲು ಎತ್ತಿ ಮೆಟ್ಟಿಲ ಮ್ಯಾಲೆ ಇಟ್ರು. ಇನ್ನೊಂದು ಕಾಲು ಏಳಲಿಲ್ಲ!

ಕೆಳಗೆ ಗುಡ್ಡಪ್ಪ, ಎರಡೂ ಕೈಲಿ ತಬ್ಕೊಂಡಿದ್ದ. "ತಪ್ಪಾಯ್ತು ಗೌಡ್ರೇ! ಸೈಕಲ್ ಕೊಡ್ರಿ!"

"ಬಿಡಲೇ!"

"ಹೂಂ ಅನ್ರಿ!"

"ಬಿಡಲೇ, ಬಸ್ ಹೋಗುತ್ತೆ!"

"ಹೂಂ ಅನ್ರಿ ಗೌಡ್ರೇ!"

ಕಂಡಕ್ಟರ್ ನೋಡೋ ಅಷ್ಟು ನೋಡಿದ, ರೈಟ್ ಅಂದ. ಬಸ್ಸು ಹೋಯ್ತು! ಮುಂದಿನ ಬಸ್ಸು ಸಂಜೆಗೆ. ನಿಶ್ಚಯ ಹನ್ನೊಂದಕ್ಕೆ. ಎತ್ತಿನ ಗಾಡೀಲಿ ಹೋದ್ರೆ ಊಟಾನೂ ಮುಗಿದಿರುತ್ತೆ. ಗೌಡ್ರ ಮುಖ ಬೆವರಿ ನೀರಾಯ್ತು.

"ಹೂಂ ಕಣಲೇ! ಹೂಂ! ಹೂಂ! ಕೆಂಚಾ, ಆ ಸೈಕಲ್ ತಾರಲೇ! ಏ ಗುಡ್ಡಾ, ನನ್ನ ಪೇಟೆಗೆ ಮುಟ್ಟಿಸಲೇ!"

ಹಾಲವ್ವ ಓಡಿ ಬಂದು ನೋಡ್ತಾಳೆ, ಗೌಡ್ರು ಕ್ಯಾರಿಯರ್ ಮ್ಯಾಲೆ ಕಣ್ಣು ಮುಚ್ಕೊಂಡು ಕೂತಾರೆ, ಮಗ ತಳ್ತಾ ಇದಾನೆ!

"ಹತ್ತಿ ತುಳಿಯೋ!" ಅಂದ್ರು ಗೌಡ್ರು.

"ಹೆಂಗೆ ಗೌಡ್ರೇ? ಡಂಗುರ ಹೊಡೆಸೀರಲ್ಲ!"

"ಅಯ್ಯೋ! ಕೆಂಚಾ, ಹೊಡಿಯಲೇ ಡಂಗುರ! ಇವತ್ತಿಂದ ಯಾರು ಬೇಕಾದ್ರೂ ಎಲ್ಲಿ ಬೇಕಾದ್ರೂ ತುಳೀಲಿ!"

ಡಂ ಡಂ ಡಂ! ಹೊಡೆದೇಬಿಟ್ಟ ಕೆಂಚಪ್ಪ! ಹಾಲವ್ವನ ಕಣ್ಣಾಗೆ ನೀರು ಬಂತು. ಸೈಕಲ್ಲೂ ಬಂತು, ರಸ್ತೆನೂ ಬಂತು! ನನ್ನ ಪೆದ್ದ ಗೆದ್ದ ಅಂದ್ಕೊಂಡ್ಲು.

ಗುಡ್ಡಪ್ಪ ಹತ್ತಿ ಕೂತ. ಸೈಕಲ್ ಒಂಚೂರು ವಾಲಿತು. ಗೌಡ್ರಿಗೆ ಜೀವ ಬಾಯಿಗೆ ಬಂತು. "ನೋಡೋ ಗುಡ್ಡಾ, ನನಗೆ ಸೈಕಲ್ ಅಂದ್ರೆ ಭಯ. ನಾನು ನಿಲ್ಲಿಸು ನಿಲ್ಲಿಸು ಅಂತ ಕೂಗ್ಕೊಂಡ್ರೂ ಕೂಗ್ಕೋಬಹುದು. ನಾನೇ ಕೂಗ್ಲಿ, ನಿಮ್ಮವ್ವನೇ ಕೂಗ್ಲಿ, ನಿಲ್ಲಿಸಬ್ಯಾಡ! ತುಳಿ!"

"ಆಗ್ಲಿ ಗೌಡ್ರೇ, ಹಂಗೇ ಮಾಡ್ತೀನಿ!"

ಹಾಲವ್ವ ಅಡ್ಡ ಹೋಗಿ ಗೌಡ್ರ ಬಾಯಿ ಮುಚ್ಚಿಸೋಣ ಅನ್ನೋದ್ರೊಳಗೆ ಸೈಕಲ್ಲು ಧೂಳೆಬ್ಬಿಸ್ಕೊಂಡು ಹೋಗೇಬಿಡ್ತು. ಹಾಲವ್ವ ಮನೆಗೆ ಬಂದು ಭಟ್ಟಿ ಹೊತ್ತಿಸಿದ್ಲು. ನಾಳೆ ಸಂತೆ. ಹುರಿದ್ಲು, ಜರಡಿ ಹಿಡಿದ್ಲು, ಹೊಸ ಚೀಲ ತುಂಬಿ ಬಾಯಿ ಹೊಲಿದ್ಲು.

ಸಂಜೆ ಬಸ್ಸು ಬಂದು ಅವಳ ಮನೆ ಮುಂದೇನೇ ನಿಂತಿತು. ಕಂಡಕ್ಟರ್ ಇಳಿದವನೇ ಹೊಟ್ಟೆ ಹಿಡ್ಕೊಂಡು ನಗ್ತಾನೆ. "ಯವ್ವಾ, ಚಪ್ಪರದ ಬಾಗಿಲಾಗೆ ಬೀಗರು ಹಾರ ಹಿಡ್ಕೊಂಡು ನಿಂತಿದ್ರು. ನಿನ್ನ ಮಗ ಹನ್ನೊಂದಕ್ಕೆ ಸರಿಯಾಗಿ ಬಂದ! ನಿಲ್ಲದೇ ಅವರ ಮುಂದೇನೇ ಹಾದು ಹೋದ! ಗೌಡ್ರು 'ನಿಲ್ಲಿಸೋ, ಇದೇ ಕಣೋ, ಇದೇ' ಅಂತ ಅರಚ್ತಾರೆ, ಇವನು 'ನೀವು ಹೇಳಿದ್ದು ನೆನಪೈತೆ ಗೌಡ್ರೇ' ಅಂತ ಇನ್ನೂ ಜೋರಾಗಿ ತುಳೀತಾನೆ!"

ಅಷ್ಟರಲ್ಲಿ ಗಂಟೆ ಕೇಳ್ತು, ಟ್ರಿಣ್ ಟ್ರಿಣ್! ಪೇಟೆ ದಾಟಿ, ಗುಡ್ಡ ಸುತ್ತಿ, ಆ ಕಡೆ ದಾರೀಲಿ ಬಂದೇಬಿಟ್ಟ! ಗೌಡ್ರ ರುಮಾಲಿಲ್ಲ, ಒಂದು ಚಪ್ಪಲಿ ಇಲ್ಲ, ದನಿ ಎದ್ದೇ ಏಳವಲ್ದು. ಉಂಗುರದ ಡಬ್ಬಿ ಮಾತ್ರ ಕೈಯಾಗೆ ಗಟ್ಟಿ.

ಹಾಲವ್ವ ಚೀಲ ಬಿಟ್ಟು ರಸ್ತೆಗೆ ಓಡಿದ್ಲು. "ಗುಡ್ಡಾ! ನಿಲ್ಲೋ! ನಿಮ್ಮವ್ವ ಕಣೋ!"

"ನೀನು ಕೂಗ್ತೀಯ ಅಂತ ಗೌಡ್ರು ಮೊದಲೇ ಹೇಳಿದ್ರವ್ವಾ!" ಅಂದ ಗುಡ್ಡಪ್ಪ. ತಲೆ ಬಗ್ಗಿಸಿ ತುಳಿದ. ಸೈಕಲ್ಲು ಮನೆ ದಾಟ್ತು, ಚಾವಡಿ ದಾಟ್ತು, ಗೌಡ್ರ ಸಮೇತ ಮತ್ತೆ ಪೇಟೆ ದಾರಿ ಹಿಡೀತು.