ಮುಳುಗದ ಹಡಗು, ಉಂಡೆಯಂಥ ಭೂಮಿ

ಒಂದಾನೊಂದು ಕಾಲದಲ್ಲಂತೆ, ಕಾಲು ಒದೀಬೇಡ ಪುಟ್ಟಿ, ಸುಮ್ನೆ ಮಲ್ಕೊಂಡು ಕೇಳು, ಗ್ರೀಸ್ ಅನ್ನೋ ದೇಶದ ಸಮುದ್ರದ ದಂಡೇಲಿ ಥೆರೋನ್ ಅಂತ ಒಬ್ಬ ಮುದುಕ ಇದ್ದನಂತೆ. ಭೂಮಿ ತಟ್ಟೆ ಥರ ಅಲ್ಲಪ್ಪಾ, ಉಂಡೆ ಥರ ಇದೆ ಅಂತ ಹೇಳಿ ಹೇಳಿ ಅವನ ಗಂಟಲು ಒಣಗಿತ್ತಂತೆ. ಊರಲ್ಲಿ ಒಬ್ಬನಾದರೂ ಕೇಳಬೇಕಲ್ಲ. ಅವರೆಲ್ಲ ದಡದ ಪಕ್ಕದಲ್ಲೇ ಮೀನು ಹಿಡಿಯೋರು, ನಡುಗಡಲು ಕಂಡೋರಲ್ಲ.

ಅವನಿಗೆ ಮಿರ್ಟೊ ಅಂತ ಮಗಳು. ಅವಳ ಗಂಡ ಲೈಕೋಸ್ ಒಂದಿನ ದೊಡ್ಡ ಹಡಗು ಹತ್ತಿ ಈಜಿಪ್ಟಿಗೆ ಹೊರಟನಂತೆ. ದಡದಲ್ಲಿ ಎಲ್ಲರೂ ನೋಡ್ತಾ ನಿಂತಿದ್ದ ಹಾಗೇ ಮೊದಲು ಹಡಗಿನ ಹೊಟ್ಟೆ ಮರೆಯಾಯ್ತು, ಆಮೇಲೆ ಹಾಯಿ, ಆಮೇಲೆ ಕಂಬದ ತುದೀನೂ ಹೋಯ್ತು. ಊರ ಹಿರಿಯ, ಉದ್ದ ಗಡ್ಡದೋನು, ಮುಳುಗ್ತು ಅಂದುಬಿಟ್ಟನಂತೆ. ಹೆಂಗಸರು ಸೂತಕ ಅಂತ ಮಿರ್ಟೊ ಕೂದಲು ಕತ್ತರಿಸೋಕೆ ಬಂದರಂತೆ. ಥೆರೋನ್ ಅವರನ್ನೆಲ್ಲ ಬೈದು, ಮಗಳ ಕೈ ಹಿಡ್ಕೊಂಡು ಗುಡ್ಡ ಹತ್ತಿಸಿದನಂತೆ. ಮೇಲೆ ಹೋಗಿ ನೋಡಿದ್ರೆ ಹಾಯಿ ಮತ್ತೆ ಕಾಣಿಸ್ತು. ಗಂಡ ಬದುಕಿದಾನೆ ಅಂತ ಮಿರ್ಟೊ ಖುಷೀಲಿ ಅತ್ತುಬಿಟ್ಟಳಂತೆ. ಭೂಮಿ ಬಾಗಿದೆ ಮಗಳೇ, ಅದರ ಮರೆಗೆ ಹೋಗ್ತಿದಾನೆ ಅಷ್ಟೇ ಅಂದನಂತೆ ಅಪ್ಪ. ಏದುಸಿರು ಬಿಡ್ತಾ ಹಿಂದೆ ಬಂದ ಹಿರಿಯ, ಅಲ್ಲೊಂದು ನೀರಿನ ದಿಬ್ಬ ಇರಬೇಕು ಅಂದನಂತೆ. ಥೆರೋನ್ ಹಣೆ ಚಚ್ಚಿಕೊಂಡ.

ಆಮೇಲೆ ಲೈಕೋಸ್ ಕ್ಷೇಮವಾಗಿ ವಾಪಸ್ ಬಂದು, ಮಾವ, ಅಲ್ಲಿ ದಕ್ಷಿಣಕ್ಕೆ ಒಂದು ನಕ್ಷತ್ರ ಹೊಳೀತದೆ, ನಮ್ಮೂರಲ್ಲಿ ಅದು ಕಾಣೋದೇ ಇಲ್ಲ ಅಂದನಂತೆ. ಭೂಮಿ ತಟ್ಟೆ ಆಗಿದ್ರೆ ನಮಗೂ ಕಾಣಬೇಕಿತ್ತಲ್ಲ ಅಂತ ಥೆರೋನ್ ಊರಿಗೆಲ್ಲ ಹೇಳಿದ. ಅದು ಆ ದೇಶದೋರ ನಕ್ಷತ್ರ, ನಮಗ್ಯಾಕೆ ಅಂದನಂತೆ ಹಿರಿಯ. ಇಂಥೋರ ಹತ್ತಿರ ಏನು ಮಾತಾಡ್ತೀಯ ಹೇಳು.

ಆಮೇಲೆ ಚಂದ್ರಗ್ರಹಣ ಬಂತು. ಚಂದ್ರನ ಮೇಲೆ ಬಿದ್ದಿರೋದು ಭೂಮಿಯ ನೆರಳು, ಅದರ ಅಂಚು ದುಂಡಗಿದೆ ನೋಡಿ ಅಂದ ಥೆರೋನ್. ತಟ್ಟೇನೂ ದುಂಡಗೇ ಇರುತ್ತೆ ಅಂದ ಹಿರಿಯ. ಈಗ ಮಿರ್ಟೊಗೆ ತಾಳ್ಮೆ ತಪ್ಪಿತು. ಒಳಗಿಂದ ದೀಪ, ಒಂದು ತಟ್ಟೆ, ಒಂದು ದಾಳಿಂಬೆ ತಂದಳು. ತಟ್ಟೆಯ ಅಂಚು ದೀಪಕ್ಕೆ ನೇರ ಬರೋ ಹಾಗೆ ತಿರುಗಿಸಿ ಹಿಡಿದ್ರೆ ಗೋಡೆ ಮೇಲೆ ನೆರಳು ಕಡ್ಡಿ ಹಾಗಾಯ್ತು. ದಾಳಿಂಬೇನ ಹೇಗೆ ತಿರುಗಿಸಿದರೂ ನೆರಳು ದುಂಡಗೇ. ಎಷ್ಟು ಗ್ರಹಣ ನೋಡಿದೀರಿ ತಾತ, ಒಂದು ಸಲನಾದರೂ ಕಡ್ಡಿ ಥರ ನೆರಳು ಬಿದ್ದಿತ್ತಾ ಅಂತ ಕೇಳಿದಳಂತೆ. ಹಿರಿಯ ಗಡ್ಡ ನೀವಿಕೊಂಡು, ಇಲ್ಲಮ್ಮ ಅಂದ.

ಊರೆಲ್ಲ ಒಪ್ಪಿತು. ಮಿರ್ಟೊ, ಲೈಕೋಸ್ ಮಕ್ಕಳು ಮರಿ ಅಂತ ಸುಖವಾಗಿದ್ದರು. ಗ್ರಹಣದ ಮಾರನೇ ದಿನಾನೇ ಆ ಹಿರಿಯ ಬೀದೀಲಿ ನಿಂತು, ಭೂಮಿ ಉಂಡೆ ಅಂತ ನಾನು ಆಗ್ಲೇ ಹೇಳಿರಲಿಲ್ವಾ ಅಂತಿದ್ದನಂತೆ. ಥೆರೋನ್ ಕೇಳಿಸಿಕೊಂಡ. ಜಗಳಕ್ಕೆ ಹೋಗಲಿಲ್ಲ, ಮನೆಗೆ ಬಂದು ಹೊಟ್ಟೆ ತುಂಬ ಉಂಡು ಮಲಗಿದನಂತೆ.

ಅಲ್ಲಿಗೆ ಅವರ ಕತೆ ಮುಗೀತು. ನೀನೂ ಕಣ್ಣು ಮುಚ್ಚು ತಾಯಿ.