ಮೂರನೆಯ ಲೋಟದ ಅಕ್ಕಿ

ಒಂದು ಪೇಟೆಯಲ್ಲಿ ರುದ್ರಮುನಿ ಎಂಬ ದರ್ಜಿ ಇದ್ದ. ಅಳತೆಯ ವಿಷಯದಲ್ಲಿ ಅವನು ಯಾರ ಮಾತಿಗೂ ಬಗ್ಗುವವನಲ್ಲ. "ಹೋದ ವರ್ಷದ ಅಳತೆ ನಿನ್ನ ಹತ್ತಿರ ಇದೆಯಲ್ಲಪ್ಪ, ಅದಕ್ಕೇ ಹೊಲಿದುಬಿಡು" ಎಂದು ಗಿರಾಕಿ ಹೇಳಿದರೆ, ಅವನು ಟೇಪು ಬಿಚ್ಚುತ್ತ, "ಅಳತೆ ಹೋದ ವರ್ಷದ್ದು, ಹೊಟ್ಟೆ ಈ ವರ್ಷದ್ದು. ಕೈ ಎತ್ತಿ ಸ್ವಾಮಿ" ಎನ್ನುತ್ತಿದ್ದ.

ಮಳೆಗಾಲದ ಕೊನೆಯಲ್ಲಿ ಅವನ ಹೆಂಡತಿ ವಿಶಾಲಾಕ್ಷಿ ಆಸ್ಪತ್ರೆಯಲ್ಲಿ ತೀರಿಕೊಂಡಳು. ಮನೆಯಲ್ಲಿ ಉಳಿದವರು ಅವನು ಮತ್ತು ಒಂಬತ್ತು ವರ್ಷದ ಮಗಳು ಪಾವನಾ. ಅಲ್ಲಿಯವರೆಗೆ ರುದ್ರಮುನಿ ಒಲೆಯ ಮುಂದೆ ನಿಂತವನಲ್ಲ. ಈಗ ಅನ್ನ ಮಾಡುವುದನ್ನು ಕಲಿತ. ನೀರು ತಿಳಿಯಾಗುವವರೆಗೆ ಅಕ್ಕಿ ತೊಳೆಯುವುದು, ಒಂದು ಲೋಟ ಅಕ್ಕಿಗೆ ಎರಡು ಲೋಟ ನೀರು, ಕೂಗಿದ ಮೇಲೆ ಕುಕ್ಕರನ್ನು ತಾನಾಗಿ ಆರಲು ಬಿಡುವುದು. ಎಲ್ಲವೂ ಸರಿಯಾಗಿತ್ತು, ಒಂದನ್ನು ಬಿಟ್ಟು. ವಿಶಾಲಾಕ್ಷಿ ತಲೆಗೊಂದರಂತೆ ಮೂರು ಚಿಕ್ಕ ಲೋಟ ಅಕ್ಕಿ ಹಾಕುತ್ತಿದ್ದಳು. ಅವನೂ ದಿನಾ ಸಂಜೆ ಮೂರು ಲೋಟವೇ ಹಾಕುತ್ತಿದ್ದ. ಎರಡಕ್ಕೆ ನಿಲ್ಲಿಸಲು ಕೈ ಬರುತ್ತಿರಲಿಲ್ಲ.

ಊಟವಾದ ಮೇಲೆ ಒಬ್ಬರ ಅನ್ನ ಮಿಗುತ್ತಿತ್ತು. ಹಿಂದೆ ಹಬ್ಬದ ಹೊಲಿಗೆ ಮುಗಿಸಿ ಅವನು ಬರುವುದು ತಡವಾದರೆ, ವಿಶಾಲಾಕ್ಷಿ ಅನ್ನದ ಪಾತ್ರೆ ಮುಚ್ಚಿ, ಮೇಲೆ ಟವೆಲ್ ಸುತ್ತಿ ಬೆಚ್ಚಗೆ ಇಟ್ಟಿರುತ್ತಿದ್ದಳು. ಅವನೂ ಹಾಗೆಯೇ ಮಿಕ್ಕ ಅನ್ನಕ್ಕೆ ಮುಚ್ಚಳ ಮುಚ್ಚಿ, ಟವೆಲ್ ಸುತ್ತಿ, ಒಲೆಯ ಪಕ್ಕದಲ್ಲಿಟ್ಟು ಮಲಗುತ್ತಿದ್ದ. ಬೆಳಿಗ್ಗೆ ಅದೇ ಅನ್ನಕ್ಕೆ ಒಗ್ಗರಣೆ ಹಾಕಿ, ನಿಂಬೆಹಣ್ಣು ಹಿಂಡಿ ಚಿತ್ರಾನ್ನ ಮಾಡಿ ಮಗಳಿಗೆ ಕೊಡುತ್ತಿದ್ದ. ತಾನು ಬರಿ ಟೀ ಕುಡಿದು ಅಂಗಡಿ ತೆರೆಯುತ್ತಿದ್ದ.

ಚಳಿಗಾಲ ಹೇಗೋ ಕಳೆಯಿತು. ಶಿವರಾತ್ರಿ ಮುಗಿದು ಸೆಕೆ ಏರಿತು. ಒಂದು ದಿನ ಹತ್ತು ಗಂಟೆಗೆ ಶಾಲೆಯಿಂದ ಅಂಗಡಿಗೆ ಫೋನ್ ಬಂತು. ಪಾವನಾ ಮೂರು ಸಲ ವಾಂತಿ ಮಾಡಿಕೊಂಡಿದ್ದಳು. ನಿಲ್ಲಲು ಆಗುತ್ತಿರಲಿಲ್ಲ.

ರುದ್ರಮುನಿ ಮಗಳನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದ. ಆರು ತಿಂಗಳ ಹಿಂದೆ ಕುಳಿತಿದ್ದ ಅದೇ ಬೆಂಚಿನ ಮೇಲೆ ಈಗ ಮತ್ತೆ ಕುಳಿತ. ಇವಳೊಬ್ಬಳು ಉಳಿಯಲಿ, ಇನ್ನೇನೂ ಬೇಡ ಎಂದುಕೊಂಡ.

ಡಾಕ್ಟರಮ್ಮ ಹೊರಗೆ ಬಂದು ಕೇಳಿದರು. "ಬೆಳಿಗ್ಗೆ ಏನು ಕೊಟ್ಟಿದ್ರಿ?"

"ಚಿತ್ರಾನ್ನ. ಬಿಸಿಬಿಸಿಯಾಗೇ ಕೊಟ್ಟೆ ಮೇಡಂ."

"ಅನ್ನ ಯಾವಾಗಿನದು?"

"ನಿನ್ನೆ ಸಂಜೇದು. ಹಳಸಿರಲಿಲ್ಲ, ಮೂಸಿ ನೋಡೇ ಮಾಡಿದ್ದು. ಧೂಳು ಬೀಳದ ಹಾಗೆ ಮುಚ್ಚಿ ಬೆಚ್ಚಗೆ ಇಟ್ಟಿದ್ದೆ."

"ಬೆಚ್ಚಗೆ ಇಟ್ಟಿದ್ದೇ ತಪ್ಪಾಗಿರಬೇಕು" ಎಂದರು ಡಾಕ್ಟರಮ್ಮ. "ಬೇಯಿಸಿದರೂ ಸಾಯದ ಕ್ರಿಮಿ ಅಕ್ಕಿಯಲ್ಲಿ ಇರ್ತವೆ. ಅನ್ನ ಗಂಟೆಗಟ್ಟಲೆ ಬೆಚ್ಚಗೆ ಇದ್ದರೆ ಅವು ಬೆಳೆದು ವಿಷ ಬಿಡ್ತವೆ. ಆಮೇಲೆ ನೀವು ಎಷ್ಟು ಹುರಿದರೂ ಆ ವಿಷ ಹೋಗಲ್ಲ. ವಾಸನೆ ಬರಲೇಬೇಕು ಅಂತಲೂ ಇಲ್ಲ. ಹೆದರಬೇಡಿ, ಸಂಜೆಗೆ ಮನೆಗೆ ಕರಕೊಂಡು ಹೋಗಬಹುದು."

ಸಂಜೆ ಪಾವನಾ ಬಾಡಿದ ಮುಖ ಹೊತ್ತು ಮನೆಗೆ ಬಂದಳು. ಪಕ್ಕದ ಮನೆಯ ಹೊನ್ನಜ್ಜಿ ಗಂಜಿ ಮಾಡಿ ತಂದಳು. ಹೂ ಮಾರುವ ಮುದುಕಿ ಅವಳು, ಮಾತು ಒರಟು. ಅವಳ ಅಡುಗೆಮನೆಯ ಕಿಟಕಿ ಇವರ ಅಡುಗೆಮನೆಗೆ ಎದುರಾಗಿತ್ತು. ನಡೆದದ್ದನ್ನೆಲ್ಲ ಕೇಳಿ, ಅವಳು ಗೋಡೆಯ ಮೊಳೆಗೆ ತೂಗುಹಾಕಿದ್ದ ಅಗಲವಾದ ಹರಿವಾಣವನ್ನು ತೋರಿಸಿದಳು. ವಿಶಾಲಾಕ್ಷಿ ಹೋದಂದಿನಿಂದ ಅದನ್ನು ಯಾರೂ ಮುಟ್ಟಿರಲಿಲ್ಲ.

"ಅದು ಯಾತಕ್ಕೆ ಅಂತ ಗೊತ್ತೇನೋ ನಿನಗೆ?"

"ಅವಳದು. ಹಾಗೇ ಇರಲಿ ಅಂತ ಬಿಟ್ಟಿದ್ದೀನಿ."

"ಚೆನ್ನಾಗಿ ಬಿಟ್ಟೆ! ನೀನು ಉಂಡು ಕೈ ತೊಳೆಯೋಕೆ ಹಿತ್ತಲಿಗೆ ಹೋಗ್ತಿದ್ದೆ. ಅವಳು ಮಿಕ್ಕ ಅನ್ನಾನ ಆ ಹರಿವಾಣಕ್ಕೆ ತೆಳ್ಳಗೆ ಹರಡ್ತಿದ್ದಳು. ಹಬೆ ಹೋಗುತ್ತಲೇ ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಟ್ಟು, ಆಮೇಲೇ ಪಾತ್ರೆ ತೊಳೆಯೋಕೆ ಕೂರ್ತಿದ್ದಳು. ಟವೆಲ್ ಸುತ್ತಿದ್ದು ನೀನು ಬರೋ ಒಂದು ಗಳಿಗೆಗೆ ಕಣಪ್ಪಾ, ಬೆಳಗಾಗೋವರೆಗೂ ಅಲ್ಲ."

ರುದ್ರಮುನಿ ತಲೆ ತಗ್ಗಿಸಿದ. "ಅನ್ನ ಚೆಲ್ಲಬಾರದು ಅಂತ ಅವಳೇ ಹೇಳ್ತಿದ್ದಳಲ್ಲ ಅಜ್ಜಿ."

"ಚೆಲ್ಲೋ ಹಾಗೆ ಮಿಗಿಸು ಅಂತಲೂ ಹೇಳಿದ್ದಳಾ? ಇಬ್ಬರಿಗೆ ಮೂರು ಲೋಟ ಯಾಕೆ ಹಾಕ್ತೀಯ?"

ಅವನು ಅಕ್ಕಿಯ ಡಬ್ಬಿಯ ಕಡೆ ನೋಡಿದ. ಹೊನ್ನಜ್ಜಿಯ ದನಿ ಮೆತ್ತಗಾಯಿತು. "ಊರಿಗೆಲ್ಲ ಹೊಸದಾಗಿ ಟೇಪು ಹಿಡೀತೀಯ. ನಿನ್ನ ಮನೆಗೆ ಮಾತ್ರ ಹಳೇ ಅಳತೇನಾ, ಮಗಾ?"

ಮರುದಿನ ಸಂಜೆ ರುದ್ರಮುನಿ ಅಕ್ಕಿಯ ಡಬ್ಬಿ ತೆರೆದ. ಒಂದು ಲೋಟ ಹಾಕಿದ. ಎರಡು ಹಾಕಿದ. ಮೂರನೆಯದನ್ನು ತುಂಬಿ, ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದ. ಬಾಗಿಲಲ್ಲಿ ನಿಂತಿದ್ದ ಪಾವನಾ ಕೇಳಿದಳು. "ಅಪ್ಪಾ, ಅದು ಅಮ್ಮಂದಲ್ವಾ?"

"ಹೂಂ ಮಗಳೇ" ಎಂದು ಅವನು ಆ ಅಕ್ಕಿಯನ್ನು ಮೆಲ್ಲಗೆ ಡಬ್ಬಿಗೆ ಹಿಂದಕ್ಕೆ ಸುರಿದ.

ಪಾವನಾಳ ಬಾಯಿಗೆ ಇನ್ನೂ ಏನೂ ರುಚಿಸುತ್ತಿರಲಿಲ್ಲ. ಊಟವಾದ ಮೇಲೂ ಎರಡು ಹಿಡಿ ಅನ್ನ ಮಿಕ್ಕಿತು. ರುದ್ರಮುನಿ ಮೊಳೆಯಿಂದ ಹರಿವಾಣ ಇಳಿಸಿ, ಆರು ತಿಂಗಳ ಧೂಳು ತೊಳೆದು ಒರೆಸಿ, ಅನ್ನ ಹರಡಿದ.

"ಹಾಗಲ್ಲ ಅಪ್ಪಾ" ಎಂದಳು ಪಾವನಾ. "ಅಮ್ಮ ಗೆರೆ ಎಳೀತಿದ್ದಳು." ಅವಳು ಚಮಚ ತೆಗೆದುಕೊಂಡು ಅನ್ನದ ನಡುವೆ ಉದ್ದಕ್ಕೂ ಅಡ್ಡಕ್ಕೂ ಗೆರೆ ಎಳೆದಳು. ಗೆರೆಗೆರೆಯಿಂದ ಹಬೆ ಎದ್ದು ಕಿಟಕಿಯ ಕಡೆ ಹೋಯಿತು. ತಂದೆ ಮಗಳು ಅದನ್ನು ನೋಡುತ್ತ ನಿಂತರು. ಹಬೆ ನಿಂತ ಕೂಡಲೇ ಅವನು ಅನ್ನವನ್ನು ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಟ್ಟ. ಬೆಳಿಗ್ಗೆ ಅದನ್ನು ಮತ್ತೆ ಹಬೆಯಾಡುವಷ್ಟು ಬಿಸಿ ಮಾಡಿ, ಈ ಸಲ ಇಬ್ಬರೂ ಕೂತು ತಿಂದರು.

ಟವೆಲನ್ನು ಅವನು ಒಗೆದು, ಮಡಿಸಿ, ವಿಶಾಲಾಕ್ಷಿಯ ಸೀರೆಗಳ ಜೊತೆ ಇಟ್ಟ.

ನೀತಿ: ಅನ್ನವನ್ನು ಚೆಲ್ಲದಿರುವುದಷ್ಟೇ ಅನ್ನಕ್ಕೆ ತೋರುವ ಗೌರವವಲ್ಲ. ಇರುವವರನ್ನು ಎಣಿಸಿ ಅಕ್ಕಿ ಹಾಕಬೇಕು. ಮಿಕ್ಕದ್ದನ್ನು ಬೆಚ್ಚಗೆ ಮುಚ್ಚಿಡದೆ ಬೇಗ ಆರಿಸಿ ತಣ್ಣಗಿಡಬೇಕು. ಹೊತ್ತು ಮೀರಿದ್ದನ್ನು ಮಕ್ಕಳ ತಟ್ಟೆಗೆ ಹಾಕಬಾರದು. ಹೋದವರ ಮೇಲಿನ ಪ್ರೀತಿಯನ್ನು ಇರುವವರ ಜೋಪಾನದಲ್ಲಿ ತೋರಿಸಬೇಕು.