ಕಿವಿ ಎಟುಕುವ ವಯಸ್ಸು

ಹುಟ್ಟಿದ ತಾರೀಖು ಯಾರಿಗೂ ನೆನಪಿರದ ಕಾಲ ಅದು. ತಲೆಯ ಮೇಲಿಂದ ಬಲಗೈ ಬಳಸಿ ಎಡಗಿವಿ ಮುಟ್ಟಿದರೆ ಮಗುವನ್ನು ಶಾಲೆಗೆ ಸೇರಿಸಿಕೊಳ್ಳುತ್ತಿದ್ದರು.

ಆಗೊಮ್ಮೆ ಚಿಕ್ಕ ಹುಡುಗರ ಕಬಡ್ಡಿಗೆ ಪಕ್ಕದೂರಿನ ಡ್ರಿಲ್ ಮೇಷ್ಟ್ರು ಒಬ್ಬ ಆಳೆತ್ತರದವನನ್ನು ಕರೆತಂದರು. ಆಗತಾನೇ ಮೀಸೆ ಬೋಳಿಸಿಕೊಂಡಿದ್ದ. ಎದುರು ತಂಡದಲ್ಲಿದ್ದ, ಕೆಂಚಪ್ಪ ಜವಾನನಾಗಿದ್ದ ಶಾಲೆಯ ಹುಡುಗರ ಮುಖ ಬಾಡಿತು.

"ಇವನಿಗೆ ಹನ್ನೆರಡೇ. ಅನುಮಾನ ಇದ್ದವರು ಸಾಬೀತು ಮಾಡಿ," ಎಂದು ಮೇಷ್ಟ್ರು ಗದರಿದರು.

ಕೆಂಚಪ್ಪ ಆ ಆಟಗಾರನಿಗೆ ತಣ್ಣನೆಯ ಮಜ್ಜಿಗೆ ಕೊಟ್ಟು, ಅವನು ಕುಡಿಯುತ್ತಿರುವಾಗ ಅಕ್ಕರೆಯಿಂದ ಕೇಳಿದ: "ಮಗನ್ನ ಸ್ಕೂಲಿಗೆ ಹಾಕಿದ್ಯೇನಪ್ಪಾ?"

"ಎಲ್ಲಿ ಅಣ್ಣಾ, ಅವನಿಗಿನ್ನೂ ಕಿವಿ ಎಟುಕಲ್ಲ."

ಮೇಷ್ಟ್ರ ಬಾಯಿಂದ ವಿಸಿಲ್ ಜಾರಿಬಿತ್ತು.

ಕೆಂಚಪ್ಪ ಅದನ್ನು ಎತ್ತಿಕೊಟ್ಟ. "ಎಟುಕಿದ ಮೇಲೆ ಮಗನ್ನೇ ಕರ್ಕೊಂಡು ಬನ್ನಿ ಸಾರ್. ಕ್ಷೌರದ ಖರ್ಚು ಉಳಿಯುತ್ತೆ."